ಎರಡೇ ಟೈರ್ ಬದಲಿಸಿ, ಈಗ ಗೇರ್‌ಬಾಕ್ಸ್ ಕೆಟ್ಟಿದೆ ಎನ್ನುತ್ತಿರುವ ಸರ್ವಿಸ್ ಸೆಂಟರ್ ಬಗ್ಗೆ ದೂರು

ಇಂದ:
ನಿಮ್ಮ ಕಂಪನಿಯ ಆಲ್-ವೀಲ್-ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ) ಎಸ್‌ಯುವಿಯ ಮಾಲೀಕ,
ಕೋಥರೂಡ್, ಪುಣೆ

ಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಪ್ರಧಾನ ಕಚೇರಿ, ಬೆಂಗಳೂರು

ದಿನಾಂಕ: 18 ನವೆಂಬರ್ 2024

ಮಾನ್ಯರೇ,

ಪುಣೆಯ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಮೂರು ಸಲ ಅಲೆದರೂ ನನ್ನ ಪ್ರಶ್ನೆಗೆ ಲಿಖಿತ ಉತ್ತರ ಸಿಗದ ಕಾರಣ ನೇರವಾಗಿ ತಮಗೇ ಬರೆಯುತ್ತಿದ್ದೇನೆ. 2022ರ ಜನವರಿಯಲ್ಲಿ ಕೊಂಡ ಈ ಗಾಡಿ 38,000 ಕಿ.ಮೀ. ಓಡಿದೆ. ಇದರ ಎಲ್ಲ ಸರ್ವಿಸ್ ನಿಮ್ಮಲ್ಲಿಯೇ, ಅವಧಿಗೆ ಸರಿಯಾಗಿ ಆಗಿದೆ. ವಾರಂಟಿ ಬರುವ ಜನವರಿ 20ಕ್ಕೆ ಮುಗಿಯುತ್ತದೆ.

ಜೂನ್ ತಿಂಗಳಲ್ಲಿ ಮುಂದಿನ ಎರಡೂ ಟೈರ್ ಒಳಬದಿಗೆ ಮಾತ್ರ ಸವೆದಿದ್ದನ್ನು ನಾನೇ ಗಮನಿಸಿ ತೋರಿಸಿದೆ. ಹೊರಬದಿಯಲ್ಲಿ 5 ಮಿ.ಮೀ. ಟ್ರೆಡ್ (ಟೈರಿನ ಗೀರುಗಳ ಆಳ) ಉಳಿದಿದ್ದರೆ ಒಳಬದಿ 1.6 ಮಿ.ಮೀ.ನ ಸವೆತದ ಗುರುತನ್ನು ಮುಟ್ಟಿತ್ತು. ಅಂಗೈ ಆಡಿಸಿದರೆ ಗರಗಸದ ಹಲ್ಲಿನಂತೆ ಒಂದು ದಿಕ್ಕಿಗೆ ಚುಚ್ಚುತ್ತಿತ್ತು. ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಒಳ ಅಂಚೊಂದೇ ಹೀಗೆ ಸವೆದುಹೋದರೆ ಮೊದಲು ನೋಡಬೇಕಾದದ್ದು ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಕ್ಯಾಂಬರ್ (ಚಕ್ರದ ಮೇಲ್ಭಾಗ ವಾಲಿರುವ ಕೋನ) ಮತ್ತು ಅವುಗಳನ್ನು ಹಿಡಿದಿಡುವ ರಬ್ಬರ್ ಬುಷ್‌ಗಳನ್ನು. ಸರ್ವಿಸ್ ಅಡ್ವೈಸರ್ ರಸ್ತೆಗುಂಡಿಗಳ ಮೇಲೆ ತಪ್ಪು ಹೊರಿಸಿ, ಮುಂದಿನ ಎರಡು ಟೈರ್ ಬದಲಿಸಿ, ಬಿಲ್ಲಿನಲ್ಲಿ ವೀಲ್ ಅಲೈನ್‌ಮೆಂಟ್ ಎಂದು ಬರೆದು ಹಣ ಪಡೆದರು. ಯಂತ್ರದ ಪ್ರಿಂಟೌಟ್ ಕೇಳಿದಾಗ ಪ್ರಿಂಟರ್ ಕೆಟ್ಟಿದೆ ಎಂದರು.

ಆಗಸ್ಟ್‌ನಿಂದ ಹೊಸ ತೊಂದರೆಗಳು ಶುರುವಾದವು. ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟರೆ ಗಾಡಿ ಯಾರೋ ಹಿಡಿದು ಜಗ್ಗಿದಂತೆ ತಡೆಯುತ್ತದೆ. ನೇರ ರಸ್ತೆಯಲ್ಲಿ 50ರಿಂದ 60ರ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ, ಒಂದೆರಡು ಸೆಕೆಂಡ್ ನಡುಗುತ್ತದೆ. ದೀಪಾವಳಿಗೆ ಬೆಳಗಾವಿಗೆ ಹೊರಟಾಗ ಖಂಬಾಟಕಿ ಘಾಟಿನ ಏರಿನಲ್ಲಿ ಗೇರ್ ಬದಲಾಗುವಾಗ ಎಷ್ಟು ಜೋರಾಗಿ ಎಳೆಯಿತೆಂದರೆ, ಹಿಂದೆ ಬರುತ್ತಿದ್ದ ಲಾರಿಯವನು ಗಾಬರಿಯಿಂದ ಹಾರ್ನ್ ಹೊಡೆದ. ಹಿಂದಿನ ಸೀಟಿನಲ್ಲಿ 74 ವರ್ಷದ ನನ್ನ ತಾಯಿ ಕುಳಿತಿದ್ದರು.

ಮರಳಿ ಬಂದು ತೋರಿಸಿದಾಗ ಅರ್ಧ ಗಂಟೆಯೊಳಗೆ ಬಂದ ತೀರ್ಪು: ಗೇರ್‌ಬಾಕ್ಸ್ ಬದಲಿಸಬೇಕು, ಅಂದಾಜು ವೆಚ್ಚ 3.4 ಲಕ್ಷ ರೂಪಾಯಿ, ಚಾಲನೆಯ ದೋಷವಾದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ. ಜಾಬ್ ಕಾರ್ಡಿನಲ್ಲಿ ಫಾಲ್ಟ್ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಇಲ್ಲ, ಗೇರ್ ಆಯಿಲಿನ ಮಟ್ಟ, ಬಣ್ಣ, ವಾಸನೆಯ ಬಗ್ಗೆ ಒಂದು ಸಾಲೂ ಇಲ್ಲ. ನಾನು ಚಾಲನಾ ಸೀಟಿನಲ್ಲಿ ಕೂತು ತೋರಿಸುತ್ತೇನೆಂದರೂ ಯಾರೂ ಜೊತೆಗೆ ಬರಲಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಬೆಳಗಾವಿಯ ಅಲೈನ್‌ಮೆಂಟ್ ಅಂಗಡಿಯೊಂದರಲ್ಲಿ ಗಾಡಿ ಯಂತ್ರಕ್ಕೇರಿಸಿದಾಗ ಮುಂದಿನ ಟೋ ಮಿತಿಯನ್ನು ಮೀರಿದ್ದೂ, ಚಕ್ರವನ್ನು ಗಾಡಿಗೆ ಜೋಡಿಸುವ ಎಡಗಡೆಯ ಕೆಳ ಆರ್ಮ್‌ನ ಬುಷ್ ಹರಿದಿದ್ದೂ ಪ್ರಿಂಟೌಟ್ ಸಮೇತ ಕಂಡುಬಂತು. ಹೊಸ ಟೈರಿನ ಒಳ ಅಂಚು ಐದೇ ತಿಂಗಳಲ್ಲಿ ಮತ್ತೆ ಸವೆಯಲು ಹತ್ತಿದೆ. ಜೂನ್‌ನಲ್ಲಿ ಹಣ ತೆಗೆದುಕೊಂಡ ಅಲೈನ್‌ಮೆಂಟ್ ನಿಜಕ್ಕೂ ಆಗಿತ್ತೇ ಎಂಬ ಪ್ರಶ್ನೆಗೆ ನನಗೆ ಉತ್ತರ ಬೇಕು.

ಇನ್ನೂ ಗಂಭೀರವಾದದ್ದು ಎರಡೇ ಟೈರ್ ಬದಲಿಸಿದ್ದು. ನಮ್ಮದು 235/60 ಆರ್ 18 ಅಳತೆ. ಮುಂದಿನ ಹೊಸ ಟೈರಿನಲ್ಲಿ 8 ಮಿ.ಮೀ. ಟ್ರೆಡ್, ಹಿಂದಿನದರಲ್ಲಿ 3 ಮಿ.ಮೀ. ಎಂದರೆ ಸುತ್ತಳತೆಯಲ್ಲಿ ಸುಮಾರು 31 ಮಿ.ಮೀ. ವ್ಯತ್ಯಾಸ. ಹಿಂದಿನ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು ಆರು ಸುತ್ತು ಹೆಚ್ಚು ತಿರುಗಬೇಕು, ಬೆಳಗಾವಿ ತಲುಪುವಷ್ಟರಲ್ಲಿ ಅದು ಎರಡು ಸಾವಿರ ಸುತ್ತಾಗುತ್ತದೆ. ಮುಂದು-ಹಿಂದು ಚಕ್ರಗಳನ್ನು ಜೋಡಿಸುವ ಕ್ಲಚ್ ಕೂಡಿಕೊಂಡಾಗಲೆಲ್ಲ ಈ ವ್ಯತ್ಯಾಸವನ್ನು ತಾನೇ ಜಾರಿ ನುಂಗಬೇಕು, ಜಾರಿದಷ್ಟೂ ಬಿಸಿಯಾಗುತ್ತದೆ. ನಾಲ್ಕೂ ಟೈರಿನ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕೆಂದು ನಿಮ್ಮ ಕೈಪಿಡಿಯೇ ಹೇಳುತ್ತದೆ.

ಟೈರಿನಿಂದಲೇ ಎಲ್ಲ ಕೆಟ್ಟಿತೆಂದು ನಾನು ತೀರ್ಮಾನಿಸಿಲ್ಲ. ತಿರುವಿನ ಜಗ್ಗಾಟ ಆ ಕ್ಲಚ್‌ನತ್ತ ಬೊಟ್ಟು ಮಾಡುತ್ತದೆ, ನೇರ ರಸ್ತೆಯ ನಡುಕ ಟಾರ್ಕ್ ಕನ್ವರ್ಟರಿನ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್‌ಅಪ್‌ನತ್ತ, ಅಂದರೆ ಎರಡನ್ನೂ ನೇರವಾಗಿ ಬೆಸೆಯುವ ಅದರೊಳಗಿನ ಕ್ಲಚ್‌ನತ್ತ. ನಡುಕದ ಹೊತ್ತಿನಲ್ಲಿ ಬ್ರೇಕ್ ಪೆಡಲನ್ನು ತುಸು ಮುಟ್ಟಿದರೆ ಸಾಮಾನ್ಯವಾಗಿ ಲಾಕ್‌ಅಪ್ ಬಿಡುತ್ತದೆ. ಆಗ ನಡುಕವೂ ನಿಂತರೆ ಅನುಮಾನ ಅಲ್ಲಿಗೇ ಹೋಗುತ್ತದೆ. ಹಾಗಿದ್ದಲ್ಲಿ ಇಡೀ ಗೇರ್‌ಬಾಕ್ಸ್ ಇಳಿಸುವ ಮೊದಲು ಆಯಿಲ್ ನೋಡಬೇಕಲ್ಲವೇ? ಇಷ್ಟು ಪರೀಕ್ಷೆಗೆ ಒಂದು ಬೆಳಗ್ಗೆ ಸಾಕು.

ಆದ್ದರಿಂದ ನಿಮ್ಮ ಪ್ರಾದೇಶಿಕ ತಾಂತ್ರಿಕ ಅಧಿಕಾರಿಯೊಬ್ಬರು ಗಾಡಿಯನ್ನು ನನ್ನ ಎದುರಿಗೇ ಓಡಿಸಿ ನೋಡಬೇಕು. ಹರಿದ ಬುಷ್ ಮತ್ತು ಅಲೈನ್‌ಮೆಂಟನ್ನು ಸರಿಪಡಿಸಿ, ಟ್ರೆಡ್ ಸಮನಾಗಿರುವ ನಾಲ್ಕು ಟೈರ್ ಹಾಕಿದ ಮೇಲೆ ಪರೀಕ್ಷೆ ಪುನಃ ನಡೆಸಿ, ಫಾಲ್ಟ್ ಕೋಡ್ ಮತ್ತು ಆಯಿಲಿನ ವಿವರಗಳಿರುವ ಸಹಿ ಮಾಡಿದ ವರದಿ ಕೊಡಬೇಕು. ಆ ನಂತರವೂ ಗೇರ್‌ಬಾಕ್ಸ್ ಅಥವಾ ಕ್ಲಚ್ ಕೆಟ್ಟಿದ್ದರೆ ದುರಸ್ತಿಯ ವೆಚ್ಚ ಕಂಪನಿಯದ್ದೇ ಆಗಬೇಕು. ಜೂನ್‌ನ ಅಲೈನ್‌ಮೆಂಟ್ ಹಣವನ್ನು ಮರಳಿಸಬೇಕು. ಈ ದೂರು ವಾರಂಟಿ ಅವಧಿಯೊಳಗೇ ದಾಖಲಾಗಿದೆ ಎಂಬುದನ್ನೂ ಬರಹದಲ್ಲಿ ಖಚಿತಪಡಿಸಬೇಕು.

15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ದೂರವಾಣಿ ಸಂಖ್ಯೆ 1915) ದೂರು ನೀಡಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಪುಣೆಯಲ್ಲಿಯೇ ಜಿಲ್ಲಾ ಆಯೋಗದ ಮೊರೆ ಹೋಗುತ್ತೇನೆ. ಬಿಲ್ಲುಗಳು, ಜಾಬ್ ಕಾರ್ಡ್, ಬೆಳಗಾವಿಯ ಪ್ರಿಂಟೌಟ್ ಮತ್ತು ಟೈರಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಅಲ್ಲಿಯವರೆಗೆ ತಾಯಿಯನ್ನು ಈ ಗಾಡಿಯಲ್ಲಿ ಘಾಟ್ ಹತ್ತಿಸುವುದಿಲ್ಲ.

ತಮ್ಮ ವಿಶ್ವಾಸಿ,
(ಸಹಿ)