ಇನ್ನೊಂದು ಸಲ ನೋಡಿದವರಿಗೆ

ಮೊನ್ನೆ ಕೊನೆಯ ಸ್ಟೆರಾಯ್ಡ್ ಮಾತ್ರೆ ನುಂಗಿದೆ. ಇಷ್ಟು ದಿನ ಫೋನ್ ಮಾಡಿ ವಿಚಾರಿಸಿಕೊಂಡ ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ಇಲ್ಲಿ ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಿದರೆ ಬೈಯುತ್ತಾರೆ. ಈ ಬರಹ ಮುಖ್ಯವಾಗಿ ನಾನು ಮುಖವನ್ನೇ ನೋಡದ, ದೇಹದಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಕಾಯಿಲೆ ಗುರುತಿಸುವ ಒಬ್ಬ ಪೆಥಾಲಜಿಸ್ಟ್‌ಗೆ.

ಎರಡು ವರ್ಷ ಜೋಮು, ಉರಿ. ಮೊದಲು ಎಡಗಾಲು, ಆಮೇಲೆ ಬಲಗೈ, ಆಮೇಲೆ ಬಲಗಾಲು. ಚಪ್ಪಲಿ ಜಾರಿ ಹಿಂದೆ ಉಳಿದಿದ್ದರೂ ಗೊತ್ತಾಗದೆ ನಡೆದುಹೋಗುತ್ತಿದ್ದೆ. ಸಕ್ಕರೆ ಕಾಯಿಲೆ ಇಲ್ಲ, ಬಿ12 ಸರಿಯಿದೆ. ಕೊನೆಗೆ ಎಡ ಕಣಕಾಲಿನ ಹೊರಮಗ್ಗುಲಿನಿಂದ ಸೂರಲ್ ನರದ ಒಂದು ತುಂಡನ್ನು ಪರೀಕ್ಷೆಗೆ ತೆಗೆದರು, ಅದೇ ಬಯಾಪ್ಸಿ. ಸೂರಲ್ ಸ್ಪರ್ಶ ತಿಳಿಸುವ ನರ, ತೆಗೆದರೆ ನಡಿಗೆಗೆ ತೊಂದರೆ ಇಲ್ಲ ಎಂದರು.

ರಿಪೋರ್ಟ್ ಬಂತು. ನರದ ಎಳೆಗಳು ಹಾಳಾಗಿವೆ, ಕಾರಣ ಇಂಥದ್ದೇ ಎನ್ನಲಾಗದು. ಇಷ್ಟು ಹೇಳೋಕೆ ಕಾಲು ಕೊಯ್ಯಬೇಕಿತ್ತಾ? ಸಿಕ್ಕಾಪಟ್ಟೆ ಸಿಟ್ಟು ಬಂತು.

ನನ್ನ ನರರೋಗದ ಡಾಕ್ಟರ್ ಬಿಡಲಿಲ್ಲ. ಕಾಯಿಲೆ ಹೀಗೆ ಒಂದೊಂದೇ ಕಡೆ ಬಂದಿದ್ದನ್ನು ಪೆಥಾಲಜಿಸ್ಟ್‌ಗೆ ಫೋನ್ ಮಾಡಿ ವಿವರಿಸಿದರು. ಅವರು ಮೇಣದಲ್ಲಿ ಉಳಿದಿದ್ದ ತುಂಡನ್ನು ಇನ್ನೂ ಒಳಕ್ಕೆ ಕೊಯ್ದು, ಹೊಸ ಸ್ಲೈಡ್ ಮಾಡಿ ಕೂತು ನೋಡಿದರು.

ಆ ಚಿತ್ರಗಳನ್ನು ಡಾಕ್ಟರ್ ನನಗೂ ತೋರಿಸಿದರು. ನರದೊಳಗೆ ಎಳೆಗಳು ಕಟ್ಟು ಕಟ್ಟಾಗಿರುತ್ತವೆ. ಒಂದು ಕಟ್ಟಿನಲ್ಲಿ ಕಡುನೀಲಿ ಉಂಗುರಗಳು ಒತ್ತೊತ್ತಾಗಿದ್ದವು. ಆ ಉಂಗುರವೇ ಮಯಲಿನ್, ಎಳೆಯ ಹೊದಿಕೆ. ಪಕ್ಕದ ಕಟ್ಟು ಹೆಚ್ಚುಕಮ್ಮಿ ಖಾಲಿ! ಹೊದಿಕೆ ಪದೇ ಪದೇ ಕಳಚಿ ಕಟ್ಟಿಕೊಂಡಿದ್ದರೆ ಎಳೆಯ ಸುತ್ತ ಈರುಳ್ಳಿ ಥರ ಪದರ ಕಾಣುತ್ತಿತ್ತಂತೆ. ನನ್ನಲ್ಲಿ ಅದಿರಲಿಲ್ಲ. ಕಟ್ಟಿನಿಂದ ಕಟ್ಟಿಗೆ ಇಷ್ಟು ವ್ಯತ್ಯಾಸ ಇದ್ದರೆ ರಕ್ತನಾಳದ ಮೇಲೆ ಅನುಮಾನ ಪಡಬೇಕಂತೆ. ಹೊಸ ಸ್ಲೈಡ್‌ನಲ್ಲಿ ಅದೇ ಸಿಕ್ಕಿತು. ಒಂದು ಪುಟ್ಟ ರಕ್ತನಾಳ, ಅದರ ಗೋಡೆಯೊಳಗೆಲ್ಲ ಉರಿಯೂತದ ಕಣಗಳು, ಗೋಡೆಯ ಒಂದು ಭಾಗ ಸತ್ತೇ ಹೋಗಿತ್ತು. ವ್ಯಾಸ್ಕುಲೈಟಿಸ್, ಅಂದರೆ ನರಕ್ಕೆ ರಕ್ತ ಸಿಗದಂತೆ ಮಾಡುವ ರಕ್ತನಾಳದ ಉರಿಯೂತ. ಇದು ನಾಳದ ಉದ್ದಕ್ಕೂ ಇರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಇರುತ್ತದೆ. ಮೊದಲ ಸಲ ಕಾಣದಿದ್ದುದು ಯಾರ ತಪ್ಪೂ ಅಲ್ಲ ಎಂದು ಆಗ ಅರ್ಥವಾಯಿತು. ಸಿಟ್ಟು ವಾಪಸ್ ತಗೊಂಡಿದ್ದೇನೆ, ಸರ್. ಅಥವಾ ಮೇಡಂ. ಅದೂ ಗೊತ್ತಿಲ್ಲ ನೋಡಿ.

ಹೆಸರು ಸಿಕ್ಕ ಮೇಲೆ ಔಷಧಿ ಶುರುವಾಯಿತು. ಆ ತಿಂಗಳುಗಳ ಕಥೆ ಬೇಡ ಬಿಡಿ.

ಎಡಪಾದದ ಹೊರ ಅಂಚು ಇನ್ನೂ ಮರಗಟ್ಟಿದೆ. ಅದು ಬಯಾಪ್ಸಿಯ ಲೆಕ್ಕ, ಹಾಗೇ ಉಳಿಯಬಹುದು. ಕಳೆದ ವಾರ ಅದೇ ಕಾಲಿನ ಚಪ್ಪಲಿ ಜಾರಿತು. ಎರಡನೇ ಹೆಜ್ಜೆಗೇ ಗೊತ್ತಾಯಿತು. ಹಿಂದೆ ಹೋಗಿ ಹಾಕಿಕೊಂಡು ಬಂದೆ.