ಹಕ್ಕಿ ಗಣತಿ ಕೆರೆಯ ದಂಡೆಗೇ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಗದಗ ಜಿಲ್ಲೆಯಲ್ಲಿ ಹಕ್ಕಿ ನೋಡುವವರ ಕಣ್ಣೆಲ್ಲ ಮಾಗಡಿ ಕೆರೆಯ ಮೇಲೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆಗೂ ಅಲ್ಲಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಗೂ ಅದು ಸಲ್ಲಬೇಕಾದದ್ದೇ. ಆದರೆ ಕಪ್ಪತಗುಡ್ಡದ ಕುರುಚಲು, ಎರೆಹೊಲ, ನೀಲಗಿರಿ ತೋಪು, ಊರಂಚಿನ ಹೊಸ ಲೇಔಟ್‌ಗಳನ್ನೂ ಒಂದೇ ಕ್ರಮದಲ್ಲಿ ಎಣಿಸಬೇಕು.

ಪ್ರತಿ ನೆಲೆಯಲ್ಲೂ ನಿಂತು ಎಣಿಸಲು ಒಂದೇ ಸಂಖ್ಯೆಯ ಜಾಗ ಗುರುತಿಸಿ, ಜಾಗದಿಂದ ಜಾಗಕ್ಕೆ 250 ಮೀಟರ್ ಅಂತರವಿರಲಿ. ಹತ್ತಿರವಾದರೆ ಅದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಮೊದಲ ಮೂರು ಗಂಟೆಯೊಳಗೆ, ಎರಡು ನಿಮಿಷ ಸುಮ್ಮನೆ ನಿಂತು, ಬಳಿಕ 10 ನಿಮಿಷ ಕಂಡದ್ದು, ಕೇಳಿದ್ದು ಎರಡನ್ನೂ ಬರೆಯಬೇಕು. ಮೇಲೆ ಹಾರಿಹೋದವು ಬೇರೆ ಕಾಲಂಗೆ. ಜೋರು ಗಾಳಿ, ಮಳೆ ಇದ್ದರೆ ಆ ದಿನ ಬೇಡ.

ಎಡವುವುದು ಹೋಲಿಕೆಯಲ್ಲಿ. ಕೊಯ್ಲಾದ ಹೊಲದಲ್ಲಿ ಬೆಳ್ಳಕ್ಕಿ ದೂರಕ್ಕೇ ಕಾಣುತ್ತದೆ, ಕುರುಚಲಿನ ಗೌಜಲಕ್ಕಿ ಕೂಗಿದರಷ್ಟೇ ಸಿಗುತ್ತದೆ. ಬಾನಾಡಿ (ಲಾರ್ಕ್) ಎಂಬ ಪುಟ್ಟ ನೆಲಹಕ್ಕಿಯಂತೂ ಹೆಂಟೆಯ ಪಕ್ಕ ಕೂತರೆ ಹೆಂಟೆಯೇ. ಮೇಲೇರಿ ಹಾಡಿದಾಗಲೇ ಗೊತ್ತಾಗುವುದು. ಅದಕ್ಕೇ ಪ್ರತಿ ಹಕ್ಕಿಯ ದೂರವನ್ನೂ ಅಂದಾಜಿಸಿ ಬರೆದು, 50 ಮೀಟರ್ ಒಳಗಿನವನ್ನಷ್ಟೇ ಹೋಲಿಸಬೇಕು.

ಬರೀ ಜಾತಿಗಳ ಸಂಖ್ಯೆಯನ್ನೂ ನಂಬಲಾಗದು. ಹುಲ್ಲುಗಾವಲು ಲೇಔಟ್ ಆದಾಗ ಬಾನಾಡಿ, ಬುರ್ಲಿ (ಕ್ವೇಲ್) ಹೋಗಿ ಕಾಗೆ, ಪಾರಿವಾಳ, ಗೊರವಂಕ ಬರುತ್ತವೆ. ಒಟ್ಟು ಹಾಗೇ ಉಳಿದಂತೆ ಕಾಣುತ್ತದೆ. ಯಾವುವು ಎಂಬುದೇ ಮುಖ್ಯ.

ಅರಣ್ಯ ಇಲಾಖೆ, ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಸೇರಿ ಜನವರಿಯಲ್ಲೊಮ್ಮೆ, ನೆಲದ ಹಕ್ಕಿಗಳು ಗೂಡು ಕಟ್ಟುವ ಮುಂಗಾರಿನಲ್ಲೊಮ್ಮೆ ಅದೇ ಜಾಗಗಳಲ್ಲಿ ಈ ಗಣತಿ ನಡೆಸಲಿ.

– ಪಕ್ಷಿ ವೀಕ್ಷಕರು, ಗದಗ