ಸಾಲಿಯ ಸೂಚನೆ ಅವ್ವನ ಕಿವಿಗೆ ಬೀಳಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ವಿಜಯಪುರ ಜಿಲ್ಲಾ ಪುಟದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಸುದ್ದಿ ಹೆಚ್ಚಾಗಿ ಕಾಣುವುದು ಎರಡೇ ಹೊತ್ತಿನಲ್ಲಿ. ಹೊಸ ಕೊಠಡಿಗೆ ಭೂಮಿಪೂಜೆ ಆದಾಗ, ಇಲ್ಲವೇ ಬಿಸಿಯೂಟದಲ್ಲಿ ಹಲ್ಲಿ ಬಿದ್ದಾಗ. ಇವೆರಡರ ನಡುವೆ ವರ್ಷವಿಡೀ ಶಾಲೆಯಿಂದ ಮನೆಗೆ ಮುಟ್ಟಬೇಕಾದ ಸೂಚನೆಗಳು ಹತ್ತಾರು ಇರುತ್ತವೆ. ಅವೆಲ್ಲ ಈಗ ಹೋಗುವುದು ವಾಟ್ಸ್‌ಆ್ಯಪ್ ಗ್ರೂಪಿಗೆ. ಅಲ್ಲಿ ಗುಡ್ ಮಾರ್ನಿಂಗ್ ಹೂವು, ಜಾತ್ರೆಯ ಬ್ಯಾನರ್, ಯಾರದೋ ಹುಟ್ಟುಹಬ್ಬದ ಕೇಕಿನ ಕೆಳಗೆ ಹೂತುಹೋಗುತ್ತವೆ. ಫೋನು ಇರುವುದು ಅಪ್ಪನ ಕಿಸೆಯಲ್ಲಿ. ಮಗುವಿನ ಜಳಕ, ಬುತ್ತಿ, ಪಾಟಿಚೀಲ ನೋಡುವ ಅವ್ವನ ಕೈಗೆ ಅದು ಬರುವುದು ರಾತ್ರಿ, ಬಂದರೆ. ಆದ್ದರಿಂದ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ನಾಲ್ಕು ಬೆರಳಗಲದ ಜಾಗವನ್ನು ‘ಸಾಲಿ ಸೂಚನೆ’ ಎಂದು ಬಿಟ್ಟುಕೊಡಿ ಎಂದು ಕೇಳಲು ಈ ಪತ್ರ. ಅದರಲ್ಲಿ ಏನಿರಬೇಕು, ಯಾವ ಹೊತ್ತಿಗೆ ಬರಬೇಕು ಎಂಬುದನ್ನೂ ಇಲ್ಲೇ ಬರೆಯುತ್ತಿದ್ದೇವೆ.

ಈಗಿನ ಸೂಚನೆಗಳ ಧಾಟಿ ನೋಡಿ: ‘ಎಲ್ಲ ಪಾಲಕರು ತಮ್ಮ ಮಕ್ಕಳ ಸಂಬಂಧಪಟ್ಟ ದಾಖಲೆಗಳನ್ನು ಕೂಡಲೇ ಸಲ್ಲಿಸತಕ್ಕದ್ದು.’ ಯಾವ ದಾಖಲೆ, ಯಾತಕ್ಕೆ, ಯಾರ ಕೈಗೆ, ತಪ್ಪಿದರೆ ಏನಾಗುತ್ತದೆ, ಒಂದೂ ಇಲ್ಲ. ಪಾಲಕರು ಪಾಪ, ರೇಷನ್ ಕಾರ್ಡಿನಿಂದ ಹಿಡಿದು ಹೊಲದ ಉತಾರದವರೆಗೆ ಎಲ್ಲವನ್ನೂ ಝೆರಾಕ್ಸ್ ಮಾಡಿಸಿ ತರುತ್ತಾರೆ. ಬೇಕಾದ ಒಂದು ಮಾತ್ರ ಅದರಲ್ಲಿ ಇರುವುದಿಲ್ಲ.

ಹೆಚ್ಚು ತೊಂದರೆ ಕೊಡುವುದು ಹೆಸರು. ಮಗುವಿನ ಹೆಸರು ಮೂರು ಕಡೆ ಇರುತ್ತದೆ: ಶಾಲೆಯ ದಾಖಲಾತಿ ರಿಜಿಸ್ಟರ್ ಮತ್ತು ಅದರಿಂದ ಏರಿಸಿದ ಸ್ಯಾಟ್ಸ್ (ಶಿಕ್ಷಣ ಇಲಾಖೆ ಕಂಪ್ಯೂಟರಿನಲ್ಲಿ ಇಡುವ ಮಕ್ಕಳ ದಾಖಲೆ), ಆಧಾರ್, ಜಾತಿ ಪ್ರಮಾಣಪತ್ರ. ನಮ್ಮ ಕಡೆ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಸೇರಿದರೇ ಪೂರ್ತಿ ಹೆಸರು. ಆಧಾರ್ ಮಾಡಿಸುವಾಗ ಒಬ್ಬರು ಅಪ್ಪನ ಹೆಸರು ಬಿಡುತ್ತಾರೆ, ಇನ್ನೊಬ್ಬರು ಅಡ್ಡಹೆಸರು ಬಿಡುತ್ತಾರೆ. ಚವ್ಹಾಣ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ. ಬಿರಾದಾರ ಎಂಬುದರ ಕೊನೆಗೆ ‘ಎ’ ಅಕ್ಷರ ಹಚ್ಚಿದರೂ ಬಿಟ್ಟರೂ ಓದುವವರಿಗೆ ಒಂದೇ. ಕಂಪ್ಯೂಟರಿಗೆ ಮಾತ್ರ ಅವರು ಇಬ್ಬರು ಹುಡುಗರು. ವಿದ್ಯಾರ್ಥಿವೇತನದ ಅರ್ಜಿ, ಅಪಾರ್ ಐಡಿ (ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಎಲ್ಲ ನಿಲ್ಲುವುದು ಇಲ್ಲೇ.

ಹಾಗಾಗಿ ಮೇ ಕೊನೆಗೆ, ಶಾಲೆಗೆ ಹೆಸರು ಹಚ್ಚುವ ಮೊದಲೇ, ಜನನ ಪ್ರಮಾಣಪತ್ರ ಮತ್ತು ಆಧಾರ್ ಎರಡನ್ನೂ ಜೋಡಿಸಿ ಇಟ್ಟುಕೊಂಡು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದೇ ಅಕ್ಷರ ಓದಿ ನೋಡಬೇಕು. ತಾವು ಓದಲು ಬಾರದವರು ಓದುವ ಮಗುವಿನ ಕೈಗೆ ಕೊಡಲಿ, ಅವು ನಮಗಿಂತ ಚುರುಕು. ತಪ್ಪಿದ್ದರೆ ತಿದ್ದಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಜನನ ಪ್ರಮಾಣಪತ್ರ, ಅದನ್ನು ತೋರಿಸಿ ಆಧಾರ್, ಕೊನೆಗೆ ಶಾಲೆ. ಉಲ್ಟಾ ಹೊರಟವರು ಎರಡೆರಡು ಸಲ ಓಡಾಡುತ್ತಾರೆ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅವಸರಕ್ಕೆ ಬಿದ್ದು ಆ ಒಂದನ್ನು ತಪ್ಪು ದಿನಾಂಕಕ್ಕೆ ಕಳೆದುಕೊಂಡರೆ ಮುಂದೆ ಬಹಳ ಕಷ್ಟ.

ಹುಟ್ಟಿದ ದಿನಾಂಕದ ಮಾತು ಬಂದಿತೆಂದು ಹೇಳುವುದು: ನಮ್ಮ ಭಾಗದ ಹಳೆಯ ರಿಜಿಸ್ಟರ್ ತೆರೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಆಗ ಮಾಸ್ತರರು ಹಲ್ಲು ನೋಡಿ, ಬಲಗೈಯಿಂದ ಎಡಗಿವಿ ಮುಟ್ಟಿಸಿ ವಯಸ್ಸು ಬರೆದುಕೊಂಡರು, ನಡೆಯಿತು. ಈಗ ನಡೆಯುವುದಿಲ್ಲ. ಜನನ ಮರಣ ನೋಂದಣಿ ತಿದ್ದುಪಡಿ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಗೂ ಆಧಾರ್‌ಗೂ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ಆ ಮಕ್ಕಳು ಅಂಗನವಾಡಿಯ ಬಾಗಿಲಿಗೆ ಬಂದಾಗಿದೆ. ಹುಟ್ಟಿ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಒಂದು ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇನ್ನೊಂದು ಎಡವಟ್ಟು: ತೊಟ್ಟಿಲು ಶಾಸ್ತ್ರಕ್ಕೆ ಮೊದಲೇ ನೋಂದಾಯಿಸಿದ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರಿಟ್ಟ ಮೇಲೆ ಹೋಗಿ ಸೇರಿಸಬೇಕು. ವರ್ಷದೊಳಗಾದರೆ ಪುಕ್ಕಟೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಒಂದನೆಯ ತರಗತಿಗೆ ಬಂದಾಗಲೂ ಆ ಜಾಗ ಖಾಲಿಯಿದ್ದ ಪ್ರಮಾಣಪತ್ರಗಳು ಕಡಿಮೆಯಲ್ಲ.

ಆಧಾರ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರಿಗೂ ಒಂದು ನೆನಪೋಲೆ ಬೇಕು. ಐದು ವರ್ಷದೊಳಗಿನ ಮಗುವಿನ ಆಧಾರಕ್ಕೆ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಂಡಿರುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, 15ಕ್ಕೆ ಇನ್ನೊಮ್ಮೆ ಕೊಡಬೇಕು. ಐದರಿಂದ ಏಳು ವರ್ಷದೊಳಗೆ ಕೊಟ್ಟರೆ ಹಣ ಕೇಳುವಂತಿಲ್ಲ. ಏಳು ದಾಟಿಯೂ ಕೊಡದಿದ್ದರೆ ಆ ಸಂಖ್ಯೆ ನಿಷ್ಕ್ರಿಯವಾಗಬಹುದು. ಎರಡನೆಯ ತರಗತಿಯ ಮಗುವಿನ ಅರ್ಜಿ ಕಾರಣ ತಿಳಿಯದೆ ತಿರಸ್ಕೃತವಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಪ್ರಮಾಣಪತ್ರ ಮಗುವಿನ ಹೆಸರಿನಲ್ಲಿಯೇ ಇರಬೇಕು. ಅಪ್ಪನದು, ಅಣ್ಣನದು ನಡೆಯದು. ನಾಡಕಚೇರಿಯಲ್ಲಿ ಕೊಡುವ ಪತ್ರದ ಮೇಲೆ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯೇ ಮುಖ್ಯ. ಝೆರಾಕ್ಸಿನಲ್ಲಿ ಅದು ಮಸುಕಾಗಿ ಶೂನ್ಯವೋ ಎಂಟೋ ತಿಳಿಯದಿದ್ದರೆ ಅರ್ಜಿ ಮುಂದೆ ಹೋಗದು, ಅದನ್ನು ಪೆನ್ನಿನಿಂದ ಪಕ್ಕದಲ್ಲಿ ಬರೆದು ಕೊಡಿ. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ. ಒಂದನೆಯ ತರಗತಿಗೆ ಮಾಡಿಸಿದ್ದು ಆರನೆಯದಕ್ಕೆ ಬರುವುದಿಲ್ಲ.

ಹಣ ಬರಲಿಲ್ಲ ಎಂಬ ತಕರಾರು ಬಂದಾಗಲೆಲ್ಲ ಶಾಲೆಯ ಕಡೆ ಬೆರಳು ತೋರಿಸುವುದೂ ಸರಿಯಲ್ಲ. ಹಣ ಬೀಳುವುದು ಮಗುವಿನ ಆಧಾರಕ್ಕೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಮೊದಲು ಒಂದು ಬ್ಯಾಂಕಿನಲ್ಲಿ ಖಾತೆ ತೆಗೆದು, ಆಮೇಲೆ ಬೇರೊಂದು ಯೋಜನೆಗೆಂದು ಅಂಚೆ ಕಚೇರಿಯಲ್ಲಿ ಇನ್ನೊಂದು ತೆಗೆದು ಅದಕ್ಕೆ ಆಧಾರ್ ಜೋಡಿಸಿದ್ದರೆ, ಹಣ ಅಂಚೆ ಕಚೇರಿಯಲ್ಲಿ ಬಿದ್ದಿರುತ್ತದೆ. ಅವ್ವ ಮಾತ್ರ ಬ್ಯಾಂಕಿನ ಪಾಳಿಯಲ್ಲಿ ನಿಂತು ಪಾಸ್‌ಬುಕ್ಕಿಗೆ ಎಂಟ್ರಿ ಹೊಡೆಸುತ್ತಿರುತ್ತಾಳೆ. ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ಒಟಿಪಿ ಬರಲು ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ರೀಚಾರ್ಜ್ ಇಲ್ಲದೆ ಸತ್ತ ಸಿಮ್ಮಿನ ಸಂಖ್ಯೆಯೇ ಶಾಲೆಯಲ್ಲೂ ಆಧಾರ್‌ನಲ್ಲೂ ಕೂತಿರುತ್ತದೆ. ಸಿಮ್ ಬದಲಿಸಿದ ವಾರದಲ್ಲೇ ಎರಡೂ ಕಡೆ ತಿಳಿಸಿ.

ದಸರಾ, ದೀಪಾವಳಿ ಆಗುತ್ತಿದ್ದಂತೆ ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಲಾರಿ, ಟ್ರ್ಯಾಕ್ಟರ್ ಹೊರಡುತ್ತವೆ. ಯುಗಾದಿಯ ಹೊತ್ತಿಗೆ ಮರಳುತ್ತವೆ. ಈ ಮಕ್ಕಳಿಗಾಗಿ ಬರುವ ಸೂಚನೆ ಸೆಪ್ಟೆಂಬರಿನಲ್ಲೇ ಬರಬೇಕು, ಲಾರಿ ಹೋದ ಮೇಲೆ ಬಂದು ಪ್ರಯೋಜನವಿಲ್ಲ. ಅಜ್ಜಿಯೋ ದೊಡ್ಡಪ್ಪನೋ ಊರಲ್ಲಿದ್ದರೆ ಮಗುವನ್ನು ಬಿಟ್ಟು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು, ಹತ್ತಿರದಲ್ಲಿ ಋತುಮಾನದ ವಸತಿ ವ್ಯವಸ್ಥೆ ಇದೆಯೇ ಎಂದು ಮುಖ್ಯಗುರುಗಳನ್ನು ಕೇಳಿ. ಕರೆದುಕೊಂಡೇ ಹೋಗಬೇಕಾದರೆ ಹೇಳದೆ ಹೋಗಬೇಡಿ. ಮಗುವಿನ ಸ್ಯಾಟ್ಸ್ ಸಂಖ್ಯೆ, ಓದುತ್ತಿರುವ ತರಗತಿ ಬರೆದ ಚೀಟಿಯನ್ನು ಮುಖ್ಯಗುರುಗಳ ಸಹಿ ಹಾಕಿಸಿ ಒಯ್ಯಿರಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ವರ್ಗಾವಣೆ ಪತ್ರ (ಟಿ.ಸಿ.) ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ಸಕ್ಕರೆ ಕಾರ್ಖಾನೆಯ ಹತ್ತಿರದ ಶಾಲೆಯೂ ಅಷ್ಟೇ. ರಾಜ್ಯದೊಳಗೇ ಶಾಲೆ ಬದಲಿಸುವವರು ಟಿ.ಸಿ. ಕೈಗೆ ಬಂದರೆ ಮುಗಿಯಿತು ಎಂದುಕೊಳ್ಳಬಾರದು, ಹಳೆಯ ಶಾಲೆಯವರು ಸ್ಯಾಟ್ಸ್‌ನಲ್ಲೂ ಬಿಡುಗಡೆ ಮಾಡಿರಬೇಕು. ಇಲ್ಲವಾದರೆ ಮಗು ಕೂರುವುದು ಒಂದು ಕಡೆ, ಅದರ ಪುಸ್ತಕ, ಸಮವಸ್ತ್ರದ ಲೆಕ್ಕ ಇನ್ನೊಂದು ಕಡೆ.

ಊಟದ ವಿಷಯ. ಬೆಳಿಗ್ಗೆ ಶಾಲೆಯಲ್ಲಿ ಹಾಲು ಕೊಡುತ್ತಾರಲ್ಲ ಎಂದು ಬರಿಹೊಟ್ಟೆಯಲ್ಲಿ ಕಳಿಸುವುದು ಹೆಚ್ಚಾಗಿದೆ. ಕ್ಷೀರಭಾಗ್ಯದ ಹಾಲು ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್. ಅಂದರೆ ಒಂದು ಸಣ್ಣ ಲೋಟ. ಬಿಸಿಯೂಟದ ಗಂಟೆ ಹೊಡೆಯುವವರೆಗೆ ಅದು ತಡೆಯುವುದಿಲ್ಲ. ಪ್ರಾರ್ಥನೆಯಲ್ಲಿ ಮಗು ಕಣ್ಣುಕತ್ತಲೆ ಬಂದು ಕೂತರೆ ಕಾರಣ ಬಿಸಿಲೊಂದೇ ಅಲ್ಲ. ಅರ್ಧ ರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ಮೊಸರು ಇದ್ದರೆ ಸಾಕು. ಇನ್ನು ಮೊಟ್ಟೆ. ಯಾವ ಮಗು ಮೊಟ್ಟೆ ತಿನ್ನುತ್ತದೆ, ಯಾವುದಕ್ಕೆ ಬಾಳೆಹಣ್ಣು ಎಂಬ ಪಟ್ಟಿಯನ್ನು ಶಾಲೆಯವರು ಜೂನ್‌ನಲ್ಲೇ ಬರೆದುಕೊಂಡಿರುತ್ತಾರೆ. ಶ್ರಾವಣ ಬಂದ ಕೂಡಲೇ ತಿನ್ನುವ ಮಕ್ಕಳೂ ಒಲ್ಲೆ ಎನ್ನುತ್ತಾರೆ. ಮುಖ್ಯಗುರುಗಳಿಗೆ ಅದು ತಿಳಿಯುವುದು ಮೊಟ್ಟೆ ಬೆಂದು ಸಿಪ್ಪೆ ಸುಲಿದಾದ ಮೇಲೆ. ಸುಲಿದ ಮೊಟ್ಟೆಯನ್ನು ಈ ಸೆಕೆಯಲ್ಲಿ ಮರುದಿನಕ್ಕೆ ಇಡಲಾಗದು. ‘ಶ್ರಾವಣ ಮುಗಿಯೂತನಕ ನಮ್ಮ ಹುಡುಗಗ ಹಣ್ಣ ಕೊಡ್ರಿ’ ಎಂದು ಒಂದು ದಿನ ಮೊದಲೇ ಹೇಳಿ ಕಳಿಸಿದರೆ ಸಾಕು.

ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಗುಳಿಗೆ ಐದನೆಯವರೆಗೆ ಗುಲಾಬಿ, ಆರರಿಂದ ನೀಲಿ. ಇದನ್ನು ಊಟವಾದ ಮೇಲೆಯೇ ನುಂಗಬೇಕು, ಅದರ ಜೊತೆಗೆ ಚಹಾ ಕೂಡದು. ಮರುದಿನ ಮಲ ಕಪ್ಪಗಾದರೆ ಹೆದರುವಂಥದ್ದೇನಿಲ್ಲ. ಇದನ್ನು ಮೊದಲೇ ಹೇಳದ ಕಾರಣಕ್ಕೆ ಎಷ್ಟು ಮನೆಗಳಲ್ಲಿ ಗುಳಿಗೆ ತಿಪ್ಪೆ ಸೇರುತ್ತದೋ.

ಮೈಮೇಲೆ ಅಮ್ಮ (ಸೀತಾಳೆ ಸಿಡುಬು) ಎದ್ದ ಮಗುವನ್ನು ಕೊನೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಕಳಿಸಬೇಡಿ, ಸಾಮಾನ್ಯವಾಗಿ ವಾರ ಹಿಡಿಯುತ್ತದೆ. ಹೇನಿಗೆ ರಜೆ ಬೇಕಿಲ್ಲ, ಬಾಚಣಿಗೆ ಬೇಕು. ಸಮವಸ್ತ್ರದ ಬಟ್ಟೆಯನ್ನು ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಕೆಳಗೆ ಎರಡು ಇಂಚು ಮಡಿಕೆ ಬಿಡಲು ದರ್ಜಿಗೆ ಹೇಳಿ.

ಪಾಲಕರ ಸಭೆಗೆ ಜನ ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಬೇಸಾಯದ ದಿನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೂ ಹೂಡುವುದಿಲ್ಲ. ಸಭೆಯನ್ನು ಅಂಥ ದಿನ, ಸಂಜೆ ಐದಕ್ಕೆ ಇಡಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಹೆಸರು ಅವಳದು, ಸಭೆಯ ಕುರ್ಚಿ ಗಂಡನದು ಎನ್ನುವ ರೂಢಿ ನಿಲ್ಲಬೇಕಾದರೂ ಸಭೆಯ ಹೊತ್ತು ಅವಳಿಗೆ ಒಗ್ಗಬೇಕು.

ಪತ್ರಿಕೆ ಎಲ್ಲ ಮನೆಗೂ ಹೋಗುವುದಿಲ್ಲ ಎಂಬುದು ಗೊತ್ತಿದೆ. ಆದರೆ ಚಹಾದಂಗಡಿ, ಕಟಿಂಗ್ ಅಂಗಡಿ, ಗ್ರಾಮ ಪಂಚಾಯಿತಿ, ಹಾಲಿನ ಡೇರಿಗೆ ಹೋಗುತ್ತದೆ. ಅಚ್ಚಾದ ನಾಲ್ಕು ಸಾಲನ್ನು ಕತ್ತರಿಸಿ ಡೇರಿಯ ಗೋಡೆಗೆ ಅಂಟಿಸಬಹುದು. ಊರಿನ ಕಸದ ಗಾಡಿಗೆ ಮೈಕ್ ಇದೆ, ಓಣಿ ಓಣಿ ತಿರುಗುತ್ತದೆ, ಅದು ಬರುವ ಹೊತ್ತಿಗೆ ಅವ್ವ ಬಾಗಿಲಲ್ಲೇ ಇರುತ್ತಾಳೆ. ಹಾಡಿನ ನಡುವೆ ಈ ನಾಲ್ಕು ಸಾಲು ಓದಿದರೆ ಸಾಲಿಯ ಗ್ರೂಪಿಗಿಂತ ಮೊದಲು ಮನೆ ಮುಟ್ಟುತ್ತದೆ. ಅದಕ್ಕಾಗಿಯೇ ಸೂಚನೆ ಓದುವ ಭಾಷೆಯಲ್ಲಿರದೆ ಆಡುವ ಮಾತಿನಲ್ಲಿರಲಿ ಎಂದು ಕೇಳುತ್ತಿದ್ದೇವೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ವರ್ಷಕ್ಕೆ ಎರಡು ಸಲ, ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಬರುತ್ತದೆ. ಅದರ ಹಿಂದಿನ ವಾರದ್ದು ಹೀಗಿರಬಹುದು:

‘ಬರೂ ವಾರ ಸಾಲ್ಯಾಗ ಜಂತುಹುಳದ ಗುಳಿಗಿ ಕೊಡ್ತಾರ. ಆವತ್ತ ಮಕ್ಕಳಿಗೆ ಉಣಿಸಿ ಕಳಸ್ರಿ. ಗುಳಿಗಿ ಒಂದ, ಹಂಗ ನುಂಗೂದಲ್ಲ, ಅಗದು ತಿನ್ನಬೇಕು. ಸಾಲ್ಯಾಗ ಮಾಸ್ತರ ಮುಂದ ತಿನ್ನಲಿ, ಮನಿಗಿ ತರೂದು ಬ್ಯಾಡ. ಜ್ವರ ಬಂದಿದ್ರ, ಬ್ಯಾರೆ ಔಷಧ ನಡದಿದ್ರ ಮೊದಲ ಹೇಳ್ರಿ, ಆವತ್ತ ಕೊಡೂದಿಲ್ಲ, ವಾರ ಬಿಟ್ಟು ಮತ್ತ ಕೊಡ್ತಾರ. ಹೊಟ್ಟ್ಯಾಗ ಹುಳ ಭಾಳ ಇದ್ದವ್ರಿಗೆ ಸ್ವಲ್ಪ ಹೊಟ್ಟಿ ನೋಯ್ತದ, ವಾಂತಿ ಬರ್ತದ. ಅಂಜಬ್ಯಾಡ್ರಿ, ಮಲಗಿಸಿ ನೀರ ಕುಡಸ್ರಿ, ಕಡಿಮಿ ಆಗಲಿಲ್ಲಂದ್ರ ಆಶಾ ಅಕ್ಕಗ ಹೇಳ್ರಿ.’

ಇಂತಿ,
ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಲವು ಎಸ್‌ಡಿಎಂಸಿ ಸದಸ್ಯರು ಮತ್ತು ಶಿಕ್ಷಕರು,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ